ಮೂರನೇ ಗೇರು

ಎಣ್ಣೆ ಸುಟ್ಟ ಹೊಗೆ ಇನ್ನೂ ಇಲ್ಲೇ ಸುಳಿಯುತ್ತಿದೆ, ಆ ಉದ್ದ ಮೂತಿಯ ಹಸಿರು ಕಾರು ತಿರುವು ದಾಟಿ ಆಗಲೇ ಬಜಾರ್ ರಸ್ತೆ ಸೇರಿರಬೇಕು, ಹೊಗೆ ಮಾತ್ರ ಹೋಗಲೊಲ್ಲದು, ಹೊಗೆಯ ಜೊತೆಗೆ ಅವರೆಕಾಯಿ ಸೊಗಡು, ಮಹಡಿಗಳ ಮೇಲೆ ಹೆಂಗಸರು ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಲೇ ರೇಸು ನೋಡುತ್ತಿದ್ದಾರೆ, ಸಿಪ್ಪೆ ಒಂದೊಂದಾಗಿ ರಸ್ತೆಗೆ ಉದುರುತ್ತಿದೆ, ಅದಕ್ಕೂ ನಾನು ಬಾವುಟ ಆಡಿಸಬೇಕೋ ಏನೋ, ರಸ್ತೆಗೆ ನಾಯಿ ಬಂದರೆ, ಎಣ್ಣೆ ಚೆಲ್ಲಿದರೆ, ಮುಂದಿನ ಕಾರು ನಿಂತುಹೋದರೆ ಹಳದಿ ಬಾವುಟ ಆಡಿಸಿ ಅಂದರೇ ಹೊರತು ಅವರೆಕಾಯಿ ಸಿಪ್ಪೆಯ ವಿಚಾರ ಯಾರೂ ಹೇಳಲಿಲ್ಲ — ಆ ಹಸಿರು ಕಾರಿನವನಿಗೆ ಚರ್ಮದ ಟೋಪಿ, ಪಕ್ಕದಲ್ಲಿ ಕೂತವನಿಗೂ ಅಂಥದೇ ಟೋಪಿ, ಬೆಂಗಳೂರಿನವರು, ಬೆಳಗ್ಗೆಯಿಂದ ಎಷ್ಟೋ ಕಾರು ಹೋದವು, ನನ್ನ ಕಣ್ಣು ಮೊದಲು ಹೋಗುವುದು ಎಡಗಡೆ ಸೀಟಿಗೇ, ಓಡಿಸುವವನು ಹಾಳಾಗಿ ಹೋಗಲಿ, ಎಡಗಡೆ ಕೂತವನು ಏನು ಮಾಡುತ್ತಿದ್ದಾನೆ, ಕೈ ಎಲ್ಲಿಟ್ಟಿದ್ದಾನೆ, ಹೆಚ್ಚಿನವರು ಸುಮ್ಮನೆ ಕೂತಿರುತ್ತಾರೆ, ಗಡಿಯಾರ ನೋಡುತ್ತಾ, ಜನಕ್ಕೆ ಕೈ ಬೀಸುತ್ತಾ, ಕೂತು ಸವಾರಿ ಮಾಡುವುದಕ್ಕೆ ಏನಂತೆ, ಯಾರು ಬೇಕಾದರೂ ಮಾಡುತ್ತಾರೆ. ನನ್ನದು ಹಾಗಿರಲಿಲ್ಲ. ಇರಲಿಲ್ಲ ಅನ್ನುತ್ತಿದ್ದೇನೆ ನೋಡು, ಆಗಲೇ ಹಳೆಯ ಕಥೆಯಾಗಿ ಹೋಯಿತು, ಮೊನ್ನೆ ಗುರುವಾರದವರೆಗೆ ಅದು ನನ್ನ ಸೀಟು, ಇವತ್ತು ನಾನು ಕಿತ್ತಲೆ ಬಣ್ಣದ ಜಾಕೆಟ್ ಹಾಕಿಕೊಂಡು ತಿರುವಿನಲ್ಲಿ ನಿಂತ ಬಾವುಟದವನು, ಹಿಂದೆ ಭತ್ತದ ಹೊಟ್ಟು ತುಂಬಿದ ಮೂಟೆಗಳ ಸಾಲು, ಮುಂದೆ ಖಾಲಿ ರಸ್ತೆ, ಬೇಕರಿ ಬಯ್ಯಪ್ಪ ಶಟರ್ ಅರ್ಧ ಎಳೆದು ಕೆಳಗಿನಿಂದ ತಲೆ ಹಾಕಿ ಕೇಳುತ್ತಾನೆ, ಏನ್ ಮೇಷ್ಟ್ರೇ, ಇವತ್ತು ಕಾರಲ್ಲಿ ಕೂತಿಲ್ವಾ, ಮಂಡಿ ನೋವಪ್ಪ ಅಂದೆ, ಆಮೇಲೆ ಹಳೆಯ ಶಿಷ್ಯನೊಬ್ಬ ಬೈಕು ನಿಲ್ಲಿಸಿ ಅದನ್ನೇ ಕೇಳಿದ, ಅವನಿಗೂ ಮಂಡಿ ನೋವೇ ಹೇಳಿದೆ, ಹೇಳಿ ಹೇಳಿ ಈಗ ನಿಜವಾಗಿಯೂ ಮಂಡಿ ನೋಯುತ್ತಿದೆ.

ಇದೇ ಇಳಿಜಾರು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಊರಿನ ರಸ್ತೆಗಳನ್ನೆಲ್ಲ ಕಟ್ಟಿ ಹಳೇ ಕಾರು ಓಡಿಸುವ ಈ ಹುಚ್ಚು ಶುರುವಾದ ಮೊದಲನೇ ವರ್ಷ, ಮೈದಾನದಿಂದ ಹೊರಟು ಪೇಟೆ ಸುತ್ತಿ ಮತ್ತೆ ಮೈದಾನ, ಒಂದು ಕಾರು ಹೋದ ಮೇಲೆ ಇನ್ನೊಂದು, ಯಾರದು ಕಡಿಮೆ ಹೊತ್ತೋ ಅವರಿಗೆ ಬಹುಮಾನದ ಕಪ್, ನನ್ನ ಗೆಳೆಯ ಚಲಪತಿಯ ಕೆನೆ ಬಣ್ಣದ ಫಿಯೆಟ್, ಅರವತ್ನಾಲ್ಕನೇ ಇಸವಿಯದು, ಗೇರ್ ರಾಡು ಸ್ಟೇರಿಂಗ್ ಪಕ್ಕಕ್ಕೇ ಇರುವಂಥದು, ಮೇಲಿನಿಂದ ಇಳಿಯುತ್ತಾ ಅವನು ಮೂರನೇ ಗೇರಿಗೆ ಹಾಕಿದ, ಟಕ್ ಅಂತ ಗೇರು ತಾನೇ ಕಳಚಿಕೊಂಡಿತು, ಎಂಜಿನ್ ಒಂದು ಕಡೆ ಅರಚುತ್ತಿದೆ, ಕಾರು ಇನ್ನೊಂದು ಕಡೆ ತನ್ನ ಪಾಡಿಗೆ ಜಾರುತ್ತಿದೆ, ಬ್ರೇಕು ಒತ್ತಿದರೆ ಹತ್ತಿಯ ಮೂಟೆ ಒತ್ತಿದ ಹಾಗೆ, ನೆಟ್ಟಗೆ ಬಯ್ಯಪ್ಪನ ಬೇಕರಿಯ ಶಟರಿಗೆ ಮೂತಿ ತಾಗಿಸಿ ನಿಂತಿತ್ತು ಅವತ್ತು, ಶಟರು ಹಾಕಿತ್ತು, ತೆಗೆದಿದ್ದರೆ ಒಳಗೆ ಜನ. ಆಮೇಲೆ ನಾವಿಬ್ಬರೂ ಕಂಡುಕೊಂಡ ಉಪಾಯ ಇದು, ತಿರುವಿನಲ್ಲಿ ಅವನಿಗೆ ಎರಡು ಕೈಯೂ ಸ್ಟೇರಿಂಗಿಗೆ ಬೇಕು, ಆದ್ದರಿಂದ ರಾಡು ಹಿಡಿಯುವುದು ನಾನು, ಅವನು ಗೇರು ಹಾಕುತ್ತಾನೆ, ನಾನು ರಾಡಿನ ಮೇಲೆ ಬಲಗೈ ಇಡುತ್ತೇನೆ, ಅವನು ನನ್ನ ಕೈ ಮೇಲೆ ತನ್ನ ಕೈ ಇಟ್ಟು ಒಮ್ಮೆ ಒತ್ತುತ್ತಾನೆ, ಹಿಡ್ಕೊ ಭಾನು, ಆಮೇಲೆ ಕೈ ತೆಗೆದು ಸ್ಟೇರಿಂಗಿಗೆ ಹೋಗುತ್ತಾನೆ, ತಿರುವು ಮುಗಿಯುವವರೆಗೆ ಆ ಕಾರಿನ ಜೀವ ನನ್ನ ಅಂಗೈಯಲ್ಲಿ. ಬಿಸಿ ಬಿಸಿ ಕೈ ಅವನದು, ಕಚೇರಿಯಲ್ಲಿ ಪೆನ್ನು ಹಿಡಿದ ಗುಮಾಸ್ತನ ಕೈ, ಉಂಗುರದ ಬೆರಳು ನನ್ನ ಗೆಣ್ಣಿಗೆ ಒತ್ತುತ್ತಿತ್ತು, ಮೊದಲ ವರ್ಷಗಳಲ್ಲಿ ರಾಡು ಎಮ್ಮೆಯ ಹಗ್ಗದಂತೆ ಎಳೆಯುತ್ತಿತ್ತು, ಭುಜ ನೋಯುತ್ತಿತ್ತು, ಈಚೆಗಂತೂ ನನ್ನ ಕೈ ಪಳಗಿಬಿಟ್ಟಿದೆ, ಅಲುಗುವುದಿಲ್ಲ, ಸುಮ್ಮನೆ ಇಟ್ಟರೆ ಸಾಕು, ಅದನ್ನು ಬಾಯಿ ಬಿಟ್ಟು ಹೇಳಿಯೂ ಇದ್ದೆ, ನೋಡೋ ಚಲಪತಿ, ನನ್ನ ಕೈ ಕಂಡ್ರೆ ಸಾಕು, ನಿನ್ನ ಗೇರು ಹಲ್ಲು ಕಿರಿಯಲ್ಲ, ಅವನು ನಕ್ಕಿದ್ದ.

ಗುರುವಾರ ಟೀ ಅಂಗಡಿಯಲ್ಲಿ ನಗಲಿಲ್ಲ, ಲೋಟದೊಳಕ್ಕೇ ನೋಡುತ್ತಾ ಹೇಳಿದ, ಭಾನು, ಈ ಸಲ ಪಂಕಜ ಕೂರ್ತಾಳಂತೆ ಕಣೋ. ಪಂಕಜ ಅಂದರೆ ಅವನ ಹೆಂಡತಿ, ಕನ್ನಡ ಮೇಡಂ, ಹೋದ ಮೇ ತಿಂಗಳಲ್ಲಿ ರಿಟೈರ್ ಆದಳು, ಪೆಟ್ರೋಲ್ ವಾಸನೆಗೇ ಹೊಟ್ಟೆ ತೊಳಸುತ್ತದೆ ಅಂತ ಇಷ್ಟು ವರ್ಷ ಫಿಯೆಟ್ಟಿನ ಮುಂದಿನ ಸೀಟಿನ ಹತ್ತಿರ ಸುಳಿದವಳಲ್ಲ, ನಂದಿಗೋ ಕೈವಾರಕ್ಕೋ ಹೋಗಬೇಕಾದರೂ ಹಿಂದಿನ ಸೀಟಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂರುವವಳು, ಅವಳಿಗೆ ಈಗ ರೇಸು ಬೇಕಂತೆ. ಅದಕ್ಕೇನಪ್ಪ, ಕೂರ್ಲಿ ಬಿಡು, ಅಂದೆ. ನನ್ನ ಬಾಯಿಂದ ಅದೆಷ್ಟು ಸಲೀಸಾಗಿ ಬಂತು ಆ ಮಾತು. ಟೀ ಕುಡಿದು ಎದ್ದು ಮನೆವರೆಗೆ ನಡೆದು ಹೋಗುವಷ್ಟರಲ್ಲಿ ಹೊಟ್ಟೆಯೊಳಗೆ ಉರಿ ಹತ್ತಿಕೊಂಡಿತ್ತು, ನನ್ನ ಹೆಂಡತಿ ಸಂಘಮಿತ್ರ ಬಾಗಿಲಲ್ಲೇ ಕಂಡುಹಿಡಿದಳು, ನನ್ನ ಮುಖ ಓದುವುದು ಅವಳಿಗೆ ಅಭ್ಯಾಸವಾಗಿದೆ, ವಿಷಯ ತಿಳಿದ ಮೇಲೆ ಒಂದೇ ಸಮ ನಕ್ಕಳು, ಸವತಿ ಬಂದ್ಳು ಅನ್ನೋ ಹಂಗೆ ಆಡ್ತೀರಲ್ರೀ, ಅವರ ಕಾರು, ಅವರ ಹೆಂಡ್ತಿ, ನಿಮ್ಗೇನು ಮಧ್ಯೆ, ಅಂದಳು. ನಿಜ, ನನಗೇನು. ಅವರ ಕಾರು, ಅವರ ಹೆಂಡತಿ. ನನಗೆ ಹೊಟ್ಟೆಕಿಚ್ಚು, ಅಷ್ಟೇ, ಬೇರೆ ಹೆಸರು ಹುಡುಕುವುದು ಬೇಡ, ಮೂರು ದಿನದಿಂದ ಸರಿಯಾಗಿ ಊಟ ಸೇರಿಲ್ಲ, ಹಿತಕಿದ ಬೇಳೆ ಸಾರು ಮಾಡಿದ್ದಳು, ನನಗೆ ಪ್ರಾಣ ಆ ಸಾರು ಅಂದರೆ, ಎರಡು ತುತ್ತಿಗೆ ಎದ್ದೆ, ಕಣ್ಣು ಮುಚ್ಚಿದರೆ ಆ ಗೇರ್ ರಾಡು, ಅದರ ಮೇಲೆ ಬಳೆ ತೊಟ್ಟ ಕೈ, ಆ ಕೈ ಮೇಲೆ ಅವನ ಕೈ. ಹೆಂಡತಿಯ ಕೈ ಹಿಡಿಯಲು ಅವನಿಗೆ ಊರೆಲ್ಲ ಜಾಗ ಇದೆ, ಮನೆ ಇದೆ, ದೇವಸ್ಥಾನ ಇದೆ, ಸಂಜೆಯ ವಾಕಿಂಗು ಇದೆ, ಅದೊಂದೇ ರಾಡು ಬೇಕಾಗಿತ್ತೇ.

ಪಂಕಜಳನ್ನು ನೆಟ್ಟಗೆ ಬೈದುಕೊಳ್ಳುವುದಕ್ಕೂ ಆಗುವುದಿಲ್ಲ, ಅದೇ ನನ್ನ ಕಷ್ಟ. ರೇಸು ಶುರುವಾದಾಗ ಚಲಪತಿಯ ಅಮ್ಮ ಇನ್ನೂ ಇದ್ದಳು, ಆಕೆಗೆ ನನ್ನ ಊರು ಗೊತ್ತು, ನಗರಗೆರೆಯಲ್ಲಿ ನಮ್ಮ ಮನೆ ಯಾವ ಕಡೆ ಅನ್ನುವುದೂ ಗೊತ್ತು, ಒಂದು ದಿನವೂ ಕೆಟ್ಟ ಮಾತಾಡಿದವಳಲ್ಲ, ಮೇಷ್ಟ್ರು ಬಂದಿದಾರೆ ಕಾಫಿ ಕೊಡಮ್ಮ ಅನ್ನುತ್ತಿದ್ದಳು, ಕಾಫಿ ಬರುತ್ತಿದ್ದದ್ದು ಜಗಲಿಗೆ, ಕುಡಿದು ಲೋಟವನ್ನು ನಲ್ಲಿಯ ಹತ್ತಿರ ತೊಳೆದು ಬೋರಲು ಹಾಕುವುದು ನನ್ನ ಕೆಲಸ, ಯಾರೂ ಹೇಳಿಕೊಟ್ಟದ್ದಲ್ಲ, ಹೇಳದೆಯೇ ಗೊತ್ತಾಗುವಂಥದು. ಮೊದಲ ರೇಸಿನ ದಿನ ಬೆಳಗ್ಗೆ ಅವನು ಎಡಗಡೆ ಬಾಗಿಲು ತೆಗೆದು, ಹತ್ತೋ ಭಾನು, ಅಂದಿದ್ದ, ಎರಡನೇ ವರ್ಷದಿಂದ ಅವನ ಕೈ ನನ್ನ ಕೈ ಮೇಲೆ ಕೂತಿತ್ತು, ಊರೇ ನೋಡುತ್ತಿತ್ತು, ರೇಸು ಮುಗಿದು ಮಧ್ಯಾಹ್ನ ಅವರ ಜಗಲಿಯಲ್ಲಿ ನಾನು ಅದೇ ಕೈಯಲ್ಲಿ ಲೋಟ ತೊಳೆದು ಬೋರಲು ಹಾಕುತ್ತಿದ್ದೆ. ಚಲಪತಿ ನೋಡುತ್ತಿದ್ದ, ಏನೂ ಅನ್ನುತ್ತಿರಲಿಲ್ಲ, ಅನ್ನುವ ಧೈರ್ಯ ಅವನಿಗೆಲ್ಲಿತ್ತು, ಅಮ್ಮನ ಮುಂದೆ ಬೆಕ್ಕಿನ ಮರಿ. ಪಂಕಜಳೇ ಒಂದು ದಿನ ನಲ್ಲಿಯ ಹತ್ತಿರ ಬಂದು ನನ್ನ ಕೈಯಿಂದ ಲೋಟ ಕಿತ್ತುಕೊಂಡಳು, ಒಳಗೆ ಬನ್ನಿ ಅಣ್ಣ, ಎಲೆ ಹಾಕಿದೀನಿ, ಅಂದಳು, ಅತ್ತೆಗೆ ಕೇಳಿಸುವ ಹಾಗೆಯೇ ಅಂದಳು. ಅವತ್ತಿನಿಂದ ನಾನು ಒಳಗಿನವನು. ಅಂಥವಳ ಮೇಲೆ ಹೊಟ್ಟೆಕಿಚ್ಚು ಪಡುವವನು ಮನುಷ್ಯನೇ, ಅಲ್ಲ, ಆದರೂ ಪಡುತ್ತಿದ್ದೇನೆ, ಒಳಗೆ ಕರೆದವಳಿಗೆ ಹೊರಗೆ ಹಾಕುವ ಹಕ್ಕೂ ಬಂದುಬಿಡುತ್ತದೆಯೇ, ಆ ಮನೆಯ ಒಳಗೆ ಹೋದದ್ದು ಅವಳು ಕರೆದದ್ದಕ್ಕೆ, ಕಾರಿನೊಳಗೆ ಹೋದದ್ದು ಮಾತ್ರ ಯಾರ ದಯೆಯಿಂದಲೂ ಅಲ್ಲ, ನನ್ನ ಕೈಯಿಂದ, ನಾನು ಬೇಕಾಗಿದ್ದೆ, ಬೇಕಾಗಿದ್ದೆ ಅನ್ನುವುದೇ ದೊಡ್ಡದು.

ಇನ್ನೊಂದು ಕಾರು, ಕಪ್ಪು, ಅಂಬಾಸಿಡರಿಗಿಂತ ಹಿಂದಿನದು, ದೊಡ್ಡ ದೇಹ ಹೊತ್ತುಕೊಂಡು ತೂಗಾಡುತ್ತಾ ಇಳಿಯಿತು, ಮಹಡಿಯ ಮೇಲಿನವರು ಚಪ್ಪಾಳೆ ಹೊಡೆದರು, ಎಡಗಡೆ ಕೂತವನು ಫೋನಿನಲ್ಲಿ ಮಾತಾಡುತ್ತಿದ್ದಾನೆ, ಮುಟ್ಠಾಳ. ಮುಂದಿನದು ಚಲಪತಿಯದೇ ಇರಬೇಕು. ಅಂಕಲ್ ಬಿಸಿಲಲ್ಲಿ ಯಾಕೆ ನಿಂತಿದೀರಿ, ಈ ಕಡೆ ನೆರಳಿಗೆ ಬನ್ನಿ ಅಂತ ಯಾರೋ — ಅಂಕಲ್ ಅಲ್ಲ, ಮಾವ ಅಂದದ್ದು, ತನುಜ, ಚಲಪತಿಯ ಮಗಳು, ಫುಟ್‌ಪಾತಿನ ಮೇಲೆ ಫೋನು ಹಿಡಿದು ಸಿದ್ಧವಾಗಿ ನಿಂತಿದ್ದಾಳೆ, ಅಪ್ಪ ಅಮ್ಮನ ವಿಡಿಯೋ ತೆಗೆಯಲು ಗಂಡನ ಮನೆ ಶಿಡ್ಲಘಟ್ಟದಿಂದ ಬೆಳಗ್ಗೆಯೇ ಬಂದಿದ್ದಾಳೆ, ಮಗಳು ಎಲ್‌ಕೆಜಿ ಸೇರಿದಳಂತೆ, ಅಜ್ಜಿ ರೇಸಿಗೆ ಹೋಗ್ತಾಳೆ ಅಂತ ಸ್ಕೂಲಲ್ಲೆಲ್ಲ ಹೇಳಿಕೊಂಡು ಬಂದಿದೆಯಂತೆ ಆ ಮಗು. ಬೇಡಮ್ಮ ನಾನು ಇಲ್ಲೇ ನಿಲ್ಲಬೇಕು, ಅಂದೆ. ಇಲ್ಲೇ ನಿಲ್ಲಬೇಕು. ಈ ಜಾಗ ನಾನೇ ಆರಿಸಿಕೊಂಡದ್ದು. ಶುಕ್ರವಾರ ಕ್ಲಬ್ಬಿನವರು ಬಾವುಟಕ್ಕೆ ಜನ ಸಾಲದು, ಮೇಷ್ಟ್ರೇ ನೀವು ಎಲ್ಲಿ ನಿಲ್ತೀರಿ ಅಂದಾಗ ಯೋಚಿಸದೆ ಇಳಿಜಾರಿನ ತಿರುವು ಅಂದೆ, ಅಲ್ಲಿ ಬೇವಿನ ಮರ ಇದೆ ಅಂದೆ, ಮರ ಅಲ್ಲ, ಗೇರು, ಗೇರು ಕಳಚುವುದನ್ನು ನನ್ನ ಕಣ್ಣಿಂದ ನೋಡಬೇಕಾಗಿತ್ತು, ನನ್ನ ಕೈ ಇಲ್ಲದೆ ಅವನು ಇಲ್ಲಿ ಒದ್ದಾಡುವುದನ್ನು, ಟಕ್ ಅಂದಕೂಡಲೇ ಅವನ ಕಣ್ಣು ನನ್ನನ್ನು ಹುಡುಕುವುದನ್ನು, ಅಷ್ಟೇ ಬೇಕಾಗಿತ್ತು, ಅದಕ್ಕಿಂತ ಮುಂದೆ ಯೋಚಿಸಿರಲಿಲ್ಲ. ಗುರುವಾರ, ಶುಕ್ರವಾರ, ನಿನ್ನೆ, ಕಾದೆ, ರಾಡು ಹಿಡಿಯೋದು ಹೆಂಗೆ ಅಂತ ಅವಳಿಗೆ ಒಂದ್ಸಲ ತೋರಿಸೋ ಅನ್ನುತ್ತಾನೆ ಅಂತ, ಕರೆದರೆ ಬಿಗುಮಾನ ಮಾಡದೆ ಹೋಗುತ್ತಿದ್ದೆ, ಕರೆಯಲಿಲ್ಲ, ಅವಳ ಕೈ ಹಿಡಿದು ತಾನೇ ತೋರಿಸಿಕೊಟ್ಟಿರಬೇಕು ಅನ್ನುವುದು ಒಂದು ಉರಿ, ಇಲ್ಲ, ಮರೆತೇಬಿಟ್ಟಿದ್ದಾನೆ, ಇಷ್ಟು ವರ್ಷ ನಾನು ಹಿಡಿದದ್ದೇ ಅವನ ಲೆಕ್ಕಕ್ಕೆ ಬಂದಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಉರಿ. ಬೆಳಗ್ಗೆ ಮೈದಾನದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು, ನಂದಿಬೆಟ್ಟದ ಮೇಲೆ ಇನ್ನೂ ಮಂಜು, ಅವಳು ನನ್ನ ಸೀಟಿನಲ್ಲಿ ಕೂತಿದ್ದಳು, ಕನಕಾಂಬರ ಮುಡಿದ ತಲೆಯ ಮೇಲೆ ನನ್ನ ಹೆಲ್ಮೆಟ್ಟು, ಅದರ ಪಟ್ಟಿಯನ್ನು ನಾನು ಬಿಗಿ ಮಾಡಿಟ್ಟುಕೊಂಡಿದ್ದೆ, ಅವಳು ಸಡಿಲ ಮಾಡಿಕೊಂಡಿದ್ದಾಳೆ. ಚಲಪತಿ ಬಾನೆಟ್ ಎತ್ತಿ ಏನೋ ನೋಡುತ್ತಿದ್ದ. ಅವಳು ಕಿಟಕಿಯಿಂದ ಕರೆದಳು, ಭಾನು ಅಣ್ಣ, ನಂಗೆ ಏನಾದ್ರೂ ಹೇಳೋದಿದ್ಯಾ, ಇಷ್ಟು ವರ್ಷ ಕೂತೋರು ನೀವು. ಕೇಳಿದಳು. ಬಾಯಿ ಬಿಟ್ಟು ಕೇಳಿದಳು. ಏನಿಲ್ಲಮ್ಮ, ಬೆಲ್ಟ್ ಗಟ್ಟಿಯಾಗಿ ಹಾಕ್ಕೊ, ಅಂದೆ.

ಧ್ವನಿವರ್ಧಕ ಕೂಗುತ್ತಿದೆ, ಒಚ್ಚಿಂದಿ ಒಚ್ಚಿಂದಿ, ಬಂತು ನೋಡಿ ನಮ್ಮೂರ ಫಿಯೆಟ್ಟು, ಚಲಪತಿ ದಂಪತಿಗಳು, ದಂಪತಿಗಳಂತೆ, ನನ್ನ ಹೆಸರನ್ನು ಆ ಬಾಯಿ ಯಾವತ್ತೂ ಇಷ್ಟು ಇಂಪಾಗಿ ಕೂಗಲಿಲ್ಲ, ಚಲಪತಿ ಮತ್ತು ಮಿತ್ರರು ಅನ್ನುತ್ತಿದ್ದ, ಮಿತ್ರರು, ಒಬ್ಬನೇ ಇದ್ದರೂ ಮಿತ್ರರು — ಆ ಎಂಜಿನ್ನಿನ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ, ಎರಡನೇ ಗೇರಿನಲ್ಲಿದ್ದಾನೆ, ಗಣಪತಿ ಗುಡಿ ದಾಟಿದ, ಈಗ ಮೇಲೆ ಕಾಣುತ್ತಾನೆ, ಕಂಡ, ಕೆನೆ ಬಣ್ಣ, ಎರಡು ತಲೆ, ಒಂದು ದೊಡ್ಡದು ಒಂದು ಸಣ್ಣದು, ಈಗ ಮೂರನೇ ಗೇರಿಗೆ ಹಾಕುತ್ತಾನೆ, ಹಾಕಿದ, ಕೇಳಿಸಿತು, ಇನ್ನೇನು ಕಳಚುತ್ತದೆ, ಕಳಚಲಿ, ಕಳಚಲಿ — ಕಳಚಿದರೆ ನೆಟ್ಟಗೆ ಬರುತ್ತದೆ, ಈ ಮೂಟೆಗಳಿಗೆ, ಮೂಟೆಯೊಳಗೆ ಹೊಟ್ಟು, ಹೊಟ್ಟು ಏನನ್ನು ತಡೆಯುತ್ತದೆ, ಹಿಂದೆ ಬಯ್ಯಪ್ಪನ ಶಟರು, ಅರ್ಧ ತೆಗೆದಿದೆ, ಹೆಲ್ಮೆಟ್ಟಿನ ಪಟ್ಟಿ ಸಡಿಲ, ಅವಳು ಮುಂದಕ್ಕೆ ಬಾಗಿದರೆ ಕಬ್ಬಿಣದ ಡ್ಯಾಶ್‌ಬೋರ್ಡು, ಅಲ್ಲಿ ನನ್ನ ಮೊಣಕಾಲೇ ಎಷ್ಟು ಸಲ ಒಡೆದಿದೆ, ಎಲೆ ಹಾಕಿದೀನಿ ಒಳಗೆ ಬನ್ನಿ ಅಂದವಳು, ಅಯ್ಯೋ ನಾನು ಏನು ಮಾಡಿಬಿಟ್ಟೆ — ನಾನು ರಸ್ತೆಯ ಮಧ್ಯದಲ್ಲಿದ್ದೇನೆ, ಯಾವಾಗ ಬಂದೆ, ಬಾವುಟ ಆಡಿಸುತ್ತಿದ್ದೇನೆ, ಎರಡು ಕೈಯಲ್ಲೂ, ನಿಧಾನ, ನಿಧಾನ ಕಣೋ, ಯಾರೋ ಶಿಳ್ಳೆ ಹೊಡೆಯುತ್ತಿದ್ದಾರೆ, ಕಾರಿನ ಮೂತಿ ಕೆಳಗೆ ಬಾಗಿತು, ಬ್ರೇಕು ಹಿಡಿದ, ಟೈರು ಕಿರುಗುಟ್ಟಿತು, ನಾನು ಪಕ್ಕಕ್ಕೆ ಜಿಗಿದೆ, ಕಾರು ನನ್ನ ಮುಂದೆಯೇ ಸಾವಕಾಶ ತಿರುಗಿತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಗೇರಿನಲ್ಲೇ ಇದೆ, ಎಂಜಿನ್ ಅರಚಲಿಲ್ಲ, ಎಡಗಡೆ ಕಿಟಕಿಯಿಂದ ಅವಳ ಕೈ ಹೊರಗಿದೆ, ಬಲಗೈ, ಅಷ್ಟು ದೂರದಿಂದ ಚಾಚಿ ನನಗೆ ಬೀಸುತ್ತಿದ್ದಾಳೆ, ಹಸಿರು ಬಳೆ, ನಾನು ಅವಳಿಗೇ ಬಾವುಟ ಬೀಸಿದೆ ಅಂದುಕೊಂಡಿದ್ದಾಳೆ, ಮುಖವೆಲ್ಲ ನಗು. ರಾಡಿನ ಮೇಲೆ ಯಾರ ಕೈಯೂ ಇಲ್ಲ. ಚಲಪತಿಯ ಎರಡು ಕೈಯೂ ಸ್ಟೇರಿಂಗಿನ ಮೇಲಿವೆ, ಅವಳ ಕೈ ಗಾಳಿಯಲ್ಲಿದೆ, ರಾಡು ತನ್ನ ಜಾಗದಲ್ಲಿ ತಾನೇ ನಿಂತಿದೆ. ಹೋದರು.

ಬಯ್ಯಪ್ಪ ಶಟರಿನ ಕೆಳಗಿನಿಂದ ಪೂರ್ತಿ ಹೊರಗೆ ಬಂದಿದ್ದಾನೆ. ಮಹಡಿಯ ಮೇಲೆ ಗದ್ದಲ. ತನುಜ ಫೋನು ಕೆಳಗಿಳಿಸಿ ನನ್ನ ಹತ್ತಿರ ಓಡಿ ಬಂದಳು, ಯಾಕ್ ಮಾವ, ರೋಡಲ್ಲಿ ಏನೂ ಇರ್ಲಿಲ್ವಲ್ಲ, ಅಪ್ಪ ಈ ಸಲ ಗೆಲ್ತಿದ್ರು, ಅಂದಳು, ಕೋಪ ಅಲ್ಲ, ಅರ್ಥವಾಗದ ಮುಖ. ನಾನು ಕೆಡಿಸಿದೆ. ಉಳಿಸಲು ಹೋಗಿ ಕೆಡಿಸಿದೆನೋ, ಕೆಡಿಸಲೆಂದೇ ನಿಂತವನಿಗೆ ಉಳಿಸುವುದು ಒಂದು ನೆಪವಾಯಿತೋ, ನನಗೇ ಹೇಳಲಾಗುತ್ತಿಲ್ಲ. ಗೇರು ಕಣಮ್ಮ, ಅಂದೆ, ಮೂರನೇ ಗೇರು ಜಾರತ್ತಲ್ಲ ಇಲ್ಲಿ, ಅಮ್ಮಂಗೆ ಗೊತ್ತಿಲ್ಲ, ಅದಕ್ಕೆ. ಅದು ಸರಿ ಹೋಗಿ ಎಷ್ಟು ವರ್ಷ ಆಯ್ತಲ್ಲ ಮಾವ, ನನ್ನ ಮದುವೇಲಿ ನಮ್ಮನ್ನ ಈ ಕಾರಲ್ಲೇ ಕಳಿಸ್ಬೇಕು ಅಂತ ಅಪ್ಪ ಚಿಂತಾಮಣೀಲಿ ಗೇರ್‌ಬಾಕ್ಸ್ ಬಿಚ್ಚಿಸಿ ಸರಿ ಮಾಡ್ಸಿದ್ರು, ಆವತ್ತಿಂದ ಒಂದ್ಸಲಾನೂ ಜಾರಿಲ್ಲ, ನಿಮ್ಗೆ ಹೇಳ್ಲಿಲ್ವಾ ಅಪ್ಪ, ಅಂದಳು. ಹೇಳಿದ್ದ ಕಣಮ್ಮ, ಮರೆತಿದ್ದೆ, ಅಂದೆ. ಹೇಳಲಿಲ್ಲ. ಇವಳ ಮದುವೆ, ಇವಳ ಮಗಳು ಈಗ ಎಲ್‌ಕೆಜಿ, ಹಾಗಾದರೆ ಹೋದ ವರ್ಷ ಜಾರುತ್ತಿರಲಿಲ್ಲ, ಅದರ ಹಿಂದಿನ ವರ್ಷವೂ, ಅದರ ಹಿಂದೆಯೂ, ಜಾರದ ರಾಡನ್ನು ಹಲ್ಲು ಕಚ್ಚಿ ಹಿಡಿದು ಕೂತಿದ್ದೆ ನಾನು, ಪಕ್ಕದಲ್ಲಿ ಅವನು ನೋಡುತ್ತಾ, ಒಳಗೊಳಗೇ ನಗುತ್ತಿದ್ದನೇ, ಕನಿಕರವೇ, ಜಗಲಿಯ ಲೋಟಕ್ಕೆ ಬಾಯಿ ಬಿಡಲಾಗದವನು ಇದನ್ನೂ ಹೇಳಲಾಗದೆ ಸುಮ್ಮನಿದ್ದನೇ, ಹೇಳಿದರೆ ನಾನು ಇಳಿದು ಹೋಗುತ್ತೇನೆ ಅಂತಲೇ, ಹೇಳಿದ್ದರೆ ಇಳಿಯುತ್ತಿದ್ದೆ, ಹೌದು, ಬೇಡದ ಕಡೆ ಕೂರುವವನಲ್ಲ ನಾನು, ಅದು ಅವನಿಗೆ ಗೊತ್ತು, ಇಷ್ಟು ವರ್ಷದಲ್ಲಿ ಅಷ್ಟಾದರೂ ಗೊತ್ತು — ಮುಂದಿನ ಕಾರು ಬರುತ್ತಿದೆ, ಸರೀರಿ ಮೇಷ್ಟ್ರೇ ಅಂತ ಬಯ್ಯಪ್ಪ ಕೂಗುತ್ತಿದ್ದಾನೆ, ಸರಿಯಬೇಕು — ಹೋದ ವರ್ಷ, ಇದೇ ಇಳಿಜಾರು, ಅವನು ಗೇರು ಹಾಕಿದ, ನಾನು ಕೈ ಇಟ್ಟೆ, ಗೇರು ಜಾರುವುದಿಲ್ಲ ಅಂತ ಅವನಿಗೆ ಗೊತ್ತು, ಗೊತ್ತಿದ್ದೂ ಒತ್ತಿದ, ಹಿಡ್ಕೊ ಭಾನು ಅಂದ, ರಾಡಿನ ಮೇಲೆ ನನ್ನ ಕೈ, ನನ್ನ ಕೈ ಮೇಲೆ ಅವನ ಕೈ, ಜಾರುವುದಿಲ್ಲ ಅಂತ ಗೊತ್ತಿದ್ದೂ ಒತ್ತಿದ, ನನ್ನ ಕೈ ಮೇಲೆ ಅವನ ಕೈ, ಒತ್ತಿದ.